ನೀರಿನ ಟಾಂಕಿಯ ಹಿಂದೆ, ಘಾಟ್ಕೋಪರ್

ಕಳೆದ ಮಳೆಗಾಲದ ಒಂದು ರಾತ್ರಿ. ಗಂಟೆ ಹನ್ನೊಂದೂವರೆ ಆಗಿರಬೇಕು, ನಮ್ಮ ಸಂಘದ ಕಾರ್ಯದರ್ಶಿಯವರ ಫೋನ್ ಬಂತು.

"ಮಾರಾಯ, ಅಸಲ್ಫಾದಲ್ಲಿ ನಮ್ಮ ಹಿರಿಯರೊಬ್ಬರಿಗೆ ಎದೆನೋವಂತೆ. ಆಂಬುಲೆನ್ಸ್ ಬಂದಿದೆ, ಮನೆ ಸಿಗುತ್ತಾ ಇಲ್ಲ. ನಿನ್ನ ಕಂಪ್ಯೂಟರಿನಲ್ಲಿ ವಿಳಾಸ ಉಂಟಲ್ಲ, ಒಮ್ಮೆ ನೋಡು."

ನೋಡಿದೆ. ವಿಳಾಸ ಇತ್ತು: "ನೀರಿನ ಟಾಂಕಿಯ ಹಿಂದೆ, ಹನುಮಾನ್ ಮಂದಿರದ ಹತ್ತಿರ, ಅಸಲ್ಫಾ ವಿಲೇಜ್, ಘಾಟ್ಕೋಪರ್ ಪಶ್ಚಿಮ, ಮುಂಬಯಿ-84."

ಗುಡ್ಡದ ಬುಡದಲ್ಲಿ, ಸುರಿಯುವ ಮಳೆಯಲ್ಲಿ ನಿಂತ ಚಾಲಕನಿಗೆ ಇದನ್ನು ಓದಿ ಹೇಳಿ ಏನು ಪ್ರಯೋಜನ? ಆ ಗುಡ್ಡದಲ್ಲಿ ನೀರಿನ ಟಾಂಕಿಗಳೂ ಒಂದಲ್ಲ, ಮಂದಿರಗಳೂ ಒಂದಲ್ಲ. ಕೊನೆಗೆ ಪಕ್ಕದ ಖೋಲಿಯ ಹುಡುಗರು ಟಾರ್ಚ್ ಹಿಡಿದು ಕೆಳಗಿಳಿದು ಬಂದರು. ಹಿರಿಯರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹೊತ್ತು, ಮೆಟ್ಟಿಲಿಳಿಸಿ ಗಾಡಿಗೆ ಮುಟ್ಟಿಸಿದರು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ದೇವರು ದೊಡ್ಡವನು, ಅವರು ಉಳಿದರು.

ಮರುದಿನ ಕಾರ್ಯದರ್ಶಿಯವರು ಕೇಳಿದ ಪ್ರಶ್ನೆ ಸರಳವಾಗಿತ್ತು: "ನೀವೆಲ್ಲ ಸಾಫ್ಟ್‌ವೇರಿನವರು. ನಮ್ಮ ಪಟ್ಟಿಯಲ್ಲಿರುವ ಎಲ್ಲರ ಮನೆಯನ್ನೂ ನಕ್ಷೆಯಲ್ಲಿ ತೋರಿಸುವ ಹಾಗೆ ಮಾಡಲಿಕ್ಕೆ ಆಗುವುದಿಲ್ಲವಾ? ಸಂಘದ ಹತ್ತಿರ ಹಣ ಇಲ್ಲ, ಅದು ನಿನಗೆ ಗೊತ್ತೇ ಉಂಟು."

ಆಗುತ್ತದೆ ಅಣ್ಣ, ಒಂದು ವಾರ ಕೊಡಿ ಎಂದೆ. ಹಿಡಿದದ್ದು ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪುಣೆ, ದಿಲ್ಲಿ, ಹೈದರಾಬಾದ್, ಚೆನ್ನೈ ಎಲ್ಲಿದ್ದರೂ ನಿಮ್ಮ ಸಂಘದಲ್ಲೂ ಇಂಥದೊಂದು ಪಟ್ಟಿ ಇದ್ದೇ ಇರುತ್ತದೆ.

ಕೇರ್ ಆಫ್ ಹೋಟೆಲ್

ನಮ್ಮ ಪಟ್ಟಿ ಎಂದರೆ ಮೂಲದಲ್ಲಿ ಎರಡು ದಪ್ಪ ರಿಜಿಸ್ಟರುಗಳು, ಮುನ್ನೂರಕ್ಕೂ ಹೆಚ್ಚು ವಿಳಾಸ. ಹಳೆಯ ಪುಟಗಳಲ್ಲಿ ಅರ್ಧದಷ್ಟು ಮಂದಿಗೆ ಸ್ವಂತ ವಿಳಾಸವೇ ಇಲ್ಲ. ಕೇರ್ ಆಫ್ ಇಂಥ ಹೋಟೆಲ್, ಆಗ್ರಾ ರೋಡ್ ಎಂದಿದೆ. ಊರಿನಿಂದ ಬಂದ ಹುಡುಗ ಹೋಟೆಲಿನಲ್ಲೇ ದುಡಿದು, ಅಲ್ಲೇ ಮಲಗಿ, ರಾತ್ರಿಶಾಲೆಗೆ ಹೋಗುತ್ತಿದ್ದ ಕಾಲ ಅದು. ಊರಿನ ಕಾಗದ ಬರುತ್ತಿದ್ದುದು ಗಲ್ಲಾಪೆಟ್ಟಿಗೆಯ ಮೇಲಕ್ಕೆ. ಆಮೇಲಿನ ಪುಟಗಳಲ್ಲಿ ಚಾಳಿನ ಖೋಲಿ ನಂಬರುಗಳು. ಇತ್ತೀಚಿನವುಗಳಲ್ಲಿ ಬಿ ವಿಂಗ್, 14ನೇ ಮಾಳಿಗೆ. ಒಂದೇ ಕುಟುಂಬದ ಮೂರು ವಿಳಾಸವನ್ನು ಓದಿದರೆ ಮುಂಬಯಿ ಕನ್ನಡಿಗರ ಕಥೆಯೇ ಸಿಗುತ್ತದೆ. ಆದರೆ ಕಂಪ್ಯೂಟರಿಗೆ ಕಥೆ ಬೇಡ, ಎರಡು ಅಂಕಿ ಬೇಕು: ಅಕ್ಷಾಂಶ ಮತ್ತು ರೇಖಾಂಶ.

ವಿಳಾಸವನ್ನು ಹೀಗೆ ಎರಡು ಅಂಕಿಗಳಾಗಿ ಮಾಡುವ ಕೆಲಸಕ್ಕೆ ಜಿಯೋಕೋಡಿಂಗ್ ಎಂದು ಹೆಸರು. ಘಾಟ್ಕೋಪರ್ ಸ್ಟೇಷನ್ ಸುಮಾರು 19.086, 72.908ರಲ್ಲಿದೆ. ದಶಮಾಂಶದ ನಂತರ ಮೂರು ಅಂಕಿ ಇದ್ದರೆ ಸುಮಾರು 110 ಮೀಟರಿನಷ್ಟು ನಿಖರ, ನಾಲ್ಕಿದ್ದರೆ 11 ಮೀಟರ್, ಐದಿದ್ದರೆ ಒಂದು ಮೀಟರ್. ಮನೆ ಹುಡುಕಲು ನಾಲ್ಕೋ ಐದೋ ಬೇಕು. ಎರಡು ಅಂಕಿಗಳ ಕ್ರಮವನ್ನು ಅದಲುಬದಲು ಮಾಡಿದರೆ ನಮ್ಮ ಘಾಟ್ಕೋಪರ್ ನಾರ್ವೆಯ ಉತ್ತರಕ್ಕೆ, ಹಿಮದ ಸಮುದ್ರದ ನಡುವೆ ಹೋಗಿ ಬೀಳುತ್ತದೆ. ನಗಬೇಡಿ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. ನನ್ನ ಮೊದಲ ನಕ್ಷೆಯಲ್ಲಿ ಇಡೀ ಸಂಘ ಅಲ್ಲೇ ತೇಲುತ್ತಿತ್ತು.

ಪುಕ್ಕಟೆ ಮಾಹಿತಿ ಎಲ್ಲಿಂದ?

ದುಡ್ಡು ಕೊಟ್ಟರೆ ಈ ಕೆಲಸ ಮಾಡಿಕೊಡುವ ಕಂಪನಿಗಳು ಬೇಕಾದಷ್ಟಿವೆ. ನಮಗೆ ಬೇಕಾದದ್ದು ಪುಕ್ಕಟೆಯದು. ಪುಕ್ಕಟೆ ಎನ್ನುವುದಕ್ಕಿಂತ ಮುಕ್ತ ಎನ್ನುವುದು ಸರಿ.

ಮುಕ್ತ ಮಾಹಿತಿಯಿಂದ ಜಿಯೋಕೋಡಿಂಗ್ ಮಾಡುವ ದಾರಿ ಮೊದಲು ಸುಗಮವಾದದ್ದು ಅಮೆರಿಕದಲ್ಲಿ. ಅಲ್ಲಿನ ಜನಗಣತಿ ಇಲಾಖೆ ಟೈಗರ್ ಎಂಬ ಹೆಸರಿನಲ್ಲಿ ದೇಶದ ಎಲ್ಲ ರಸ್ತೆಗಳ ಮಾಹಿತಿಯನ್ನೂ, ಯಾವ ರಸ್ತೆಯ ಯಾವ ತುಂಡಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಮನೆ ನಂಬರುಗಳಿವೆ ಎಂಬುದನ್ನೂ ಯಾರು ಬೇಕಾದರೂ ಬಳಸುವಂತೆ ಕೊಟ್ಟುಬಿಟ್ಟಿದೆ. ಅದನ್ನು ಬಳಸಿ ಶುಯ್ಲರ್ ಅರ್ಲ್ ಎಂಬವರು ಪರ್ಲ್ ಭಾಷೆಯಲ್ಲಿ ಒಂದು ಲೈಬ್ರರಿ ಬರೆದರು. 100ರಿಂದ 200ರವರೆಗೆ ನಂಬರುಗಳಿರುವ ಬೀದಿಯಲ್ಲಿ 150 ಎಲ್ಲಿದೆ? ನಟ್ಟನಡುವೆ. ಲೆಕ್ಕ ಅಷ್ಟೇ. ಇದೇ ಅರ್ಲ್ ಅವರ ನಂಟು ಮುಂಬಯಿಗೂ ಇದೆ. ಇಲ್ಲಿನ ಕ್ರಿಟ್ ಎಂಬ ಸಂಸ್ಥೆ 2000ದ ದಶಕದ ನಡುವಿನಲ್ಲಿ ಕೈಗೊಂಡ 'ಮುಂಬಯಿ ಫ್ರೀ ಮ್ಯಾಪ್' ಕೆಲಸದಲ್ಲಿ ಅವರೂ ಕೈಜೋಡಿಸಿದ್ದರು.

ಆದರೆ ಆ ಲೆಕ್ಕ ನಮ್ಮ ಗಲ್ಲಿಗಳಲ್ಲಿ ನಡೆಯುವುದಿಲ್ಲ. ಇಲ್ಲಿ ಖೋಲಿ ನಂಬರ್ 12ರ ಪಕ್ಕ 13 ಇರಬೇಕೆಂದೇನೂ ಇಲ್ಲ. ನಂಬರು ಬಂದದ್ದು ಮನೆ ಕಟ್ಟಿದ ಕ್ರಮದಲ್ಲೋ, ಸರ್ವೆ ಮಾಡಿದವರು ನಡೆದ ಕ್ರಮದಲ್ಲೋ ಇರಬಹುದು.

ನಮಗೆ ದಕ್ಕುವ ಮುಖ್ಯ ಮುಕ್ತ ಭಂಡಾರ ಎಂದರೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ್ದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಇದರ ಮಾಹಿತಿಯಲ್ಲಿ ಹುಡುಕುವ ಯಂತ್ರದ ಹೆಸರು ನೊಮಿನಾಟಿಮ್. ಲ್ಯಾಟಿನಿನಲ್ಲಿ 'ಹೆಸರಿನಿಂದ' ಎಂದರ್ಥ. ಇದಲ್ಲದೆ ಊರುಗಳ ಹೆಸರಿಗೆ ಜಿಯೋನೇಮ್ಸ್ ಎಂಬ ಜಾಗತಿಕ ಪಟ್ಟಿ ಇದೆ, ಪಿನ್‌ಕೋಡುಗಳಿಗೆ ನಮ್ಮ ಅಂಚೆ ಇಲಾಖೆಯೇ ಸರಕಾರದ ಮುಕ್ತ ದತ್ತಾಂಶ ತಾಣದಲ್ಲಿ ಹಾಕಿರುವ ಪಟ್ಟಿ ಇದೆ.

ಇವುಗಳೊಂದಿಗೆ ಮಾತಾಡಲು ಪೈಥಾನ್ ಭಾಷೆಯಲ್ಲಿ ಜಿಯೋಪೈ ಎಂಬ ಲೈಬ್ರರಿ ಇದೆ. ಅದರ ಬಳಿ ಸ್ವಂತ ಮಾಹಿತಿ ಏನೂ ಇಲ್ಲ. ಅದು ಬರೀ ಟಪಾಲಿನವನು. ನೀವು ಕೊಟ್ಟ ವಿಳಾಸವನ್ನು ನೊಮಿನಾಟಿಮ್‌ಗೋ ಇನ್ನೊಂದಕ್ಕೋ ಒಯ್ದು ಕೊಟ್ಟು, ಬಂದ ಉತ್ತರವನ್ನು ಒಂದೇ ನಮೂನೆಯಲ್ಲಿ ನಿಮ್ಮ ಕೈಗಿಡುತ್ತದೆ. ನಾಳೆ ಸೇವೆ ಬದಲಿಸಿದರೂ ನಿಮ್ಮ ಪ್ರೋಗ್ರಾಮಿನ ಒಂದೆರಡು ಸಾಲು ಬದಲಿಸಿದರೆ ಸಾಕು.

ನೊಮಿನಾಟಿಮ್‌ನ ಸಾರ್ವಜನಿಕ ಸರ್ವರ್ ದಾನದ ಬಲದಿಂದ ನಡೆಯುವಂಥದ್ದು. ಹಾಗಾಗಿ ನಿಯಮ ಕಟ್ಟುನಿಟ್ಟು. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕೇಳುವಂತಿಲ್ಲ, ನಿಮ್ಮ ಪ್ರೋಗ್ರಾಮಿನ ಹೆಸರು ಹೇಳಬೇಕು, ಒಮ್ಮೆ ಕೇಳಿದ್ದನ್ನು ಉಳಿಸಿಟ್ಟುಕೊಂಡು ಮತ್ತೆ ಕೇಳದಿರಬೇಕು, ಓಪನ್‌ಸ್ಟ್ರೀಟ್‌ಮ್ಯಾಪಿಗೆ ಋಣಸಂದಾಯ ಮಾಡಬೇಕು. ನಮ್ಮ ಪಟ್ಟಿಗೆ ಸೆಕೆಂಡಿಗೊಂದರಂತೆ ಐದಾರು ನಿಮಿಷ ಸಾಕು.

ಸ್ಟೇಷನ್ನಿನಲ್ಲಿ ವಾಸಿಸುವ ಕನ್ನಡಿಗರು

ಮೊದಲ ಪ್ರಯೋಗಕ್ಕೆ ಮನೆಯಲ್ಲೇ ಹತ್ತು ಕಟ್ಟಡಗಳ ಹೆಸರು ಕೊಟ್ಟು ನೋಡಿದೆ. ಪಂತ್ ನಗರ, ಗರೋಡಿಯಾ ನಗರದ ದೊಡ್ಡ ಸೊಸೈಟಿಗಳು ಸಲೀಸಾಗಿ ಸಿಕ್ಕಿದವು. ಉಬ್ಬಿಹೋದೆ. ಆಮೇಲೆ ಜನರ ಹೆಸರು, ಖೋಲಿ ನಂಬರು ತೆಗೆದು, ಬರೀ ಕಟ್ಟಡ, ರಸ್ತೆ, ಬಡಾವಣೆ ಉಳಿಸಿಕೊಂಡು ಇಡೀ ಪಟ್ಟಿಯನ್ನು ಓಡಿಸಿದೆ.

ಫಲಿತಾಂಶ ಹೀಗಿತ್ತು. ಸುಮಾರು ಕಾಲು ಭಾಗ ಸರಿಯಾಗಿ ಸಿಕ್ಕಿತು. ಇನ್ನೊಂದಷ್ಟು ಸಿಗಲೇ ಇಲ್ಲ. ಯಾಕೆಂದರೆ ನೊಮಿನಾಟಿಮ್‌ಗೆ 'ಹಿಂದೆ', 'ಎದುರು', 'ಹತ್ತಿರ' ಎಂಬ ಮಾತುಗಳು ಅರ್ಥವಾಗುವುದಿಲ್ಲ. ತನಗೆ ಗೊತ್ತಿರದ ಒಂದು ಪದ ಸೇರಿದರೂ ಅದು ಬರಿಗೈಯಲ್ಲಿ ಮರಳುವುದುಂಟು. ಅಂಥ ವಿಳಾಸಗಳನ್ನು ನಾನು ಒಂದೊಂದೇ ಪದ ಕಳೆಯುತ್ತಾ ಮತ್ತೆ ಕೇಳುವಂತೆ ಪ್ರೋಗ್ರಾಮ್ ತಿದ್ದಿದೆ. ಈಗ ಎಲ್ಲವಕ್ಕೂ ಉತ್ತರ ಬಂತು! ನಕ್ಷೆ ತೆರೆದು ನೋಡಿದರೆ ಸಂಘದ ಅರ್ಧ ಮಂದಿ ಒಂದೇ ಬಿಂದುವಿನಲ್ಲಿ, ಸ್ಟೇಷನ್ನಿನ ಆಸುಪಾಸಿನಲ್ಲಿ, ಒಬ್ಬರ ಮೇಲೊಬ್ಬರು ನಿಂತಿದ್ದರು.

ಆದದ್ದಿಷ್ಟೇ. ಪದ ಕಳೆಯುತ್ತಾ ಹೋದರೆ ಕೊನೆಗುಳಿಯುವುದು 'ಘಾಟ್ಕೋಪರ್' ಒಂದೇ. ಘಾಟ್ಕೋಪರ್ ಎಲ್ಲಿದೆ ಎಂದು ಕೇಳಿದರೆ ಯಂತ್ರ ಅದಕ್ಕೆ ಗೊತ್ತಿರುವ ಒಂದು ಬಿಂದು ತೋರಿಸುತ್ತದೆ. ಸುಳ್ಳು ಹೇಳಲಿಲ್ಲ. ಆದರೆ ನಾವು ಕೇಳಿದ್ದು ಮನೆ, ಅದು ಹೇಳಿದ್ದು ಉಪನಗರ.

ಇದು ನಗುವ ಸಂಗತಿ ಅಲ್ಲ. ಅಮೆರಿಕದಲ್ಲಿ ಇಂಟರ್ನೆಟ್ ವಿಳಾಸಗಳಿಗೆ ಜಾಗ ಹೇಳುವ ಒಂದು ಕಂಪನಿ, ನಿಖರ ಜಾಗ ಗೊತ್ತಿಲ್ಲದ 60 ಕೋಟಿಗೂ ಹೆಚ್ಚು ವಿಳಾಸಗಳನ್ನು ದೇಶದ ನಡುಮಧ್ಯದ ಒಂದು ಬಿಂದುವಿಗೆ ಕಟ್ಟಿಹಾಕಿತ್ತು. ಆ ಬಿಂದು ಕಾನ್ಸಾಸ್ ರಾಜ್ಯದ ಒಂದು ಹೊಲಮನೆಯ ಅಂಗಳದ ಬಳಿ ಬಿದ್ದಿತ್ತು. ವರ್ಷಗಟ್ಟಲೆ ಪೊಲೀಸರು, ಮೋಸ ಹೋದವರು, ಕಳ್ಳರನ್ನು ಹುಡುಕುವವರು ಆ ಮನೆಯ ಬಾಗಿಲು ಬಡಿದರು. ಕಾರಣ ಹೊರಗೆ ಬಂದದ್ದು 2016ರಲ್ಲಿ. 'ಗೊತ್ತಿಲ್ಲ' ಎನ್ನಬೇಕಾದ ಕಡೆ ಯಂತ್ರ ಒಂದು ಅಂಕಿ ಕೊಟ್ಟಿತು, ಜನ ಅದನ್ನು ನಂಬಿದರು.

ನಮ್ಮ ಹಿರಿಯರ ವಿಚಾರದಲ್ಲೂ ಅಷ್ಟೇ. ನಕ್ಷೆಯಲ್ಲಿ ಬಿಂದು ಇಲ್ಲದಿದ್ದರೆ ನಾಲ್ಕು ಜನರಿಗೆ ಫೋನ್ ಮಾಡುತ್ತೇವೆ. ತಪ್ಪು ಬಿಂದು ಇದ್ದರೆ ಅದನ್ನು ನಂಬಿ ಆಂಬುಲೆನ್ಸ್ ಸ್ಟೇಷನ್ನಿಗೆ ಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದೆವು: ಈ ಬಿಂದು ಕಟ್ಟಡದ್ದೋ, ರಸ್ತೆಯದ್ದೋ, ಬಡಾವಣೆಯದ್ದೋ? ನೊಮಿನಾಟಿಮ್ ಆ ವಿವರವನ್ನೂ ಕೊಡುತ್ತದೆ, ನಾವು ಓದಬೇಕಷ್ಟೇ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮುಂಬಯಿ-77

ವಿಳಾಸವನ್ನು ಶುಚಿ ಮಾಡುವುದು ಯಂತ್ರಕ್ಕೆ ಕೊಡುವ ಮೊದಲಿನ ಕೆಲಸ. ಇದಕ್ಕೆ ಲಿಬ್‌ಪೋಸ್ಟಲ್ ಎಂಬ ಮುಕ್ತ ಲೈಬ್ರರಿ ಇದೆ. ಜಗತ್ತಿನಾದ್ಯಂತದ ವಿಳಾಸಗಳನ್ನು ಓದಿ ಕಲಿತದ್ದು. ಒಂದು ಸಾಲಿನ ವಿಳಾಸದಲ್ಲಿ ಯಾವುದು ಮನೆ ನಂಬರ್, ಯಾವುದು ರಸ್ತೆ, ಯಾವುದು ಊರು ಎಂದು ಬಿಡಿಸಿಕೊಡುತ್ತದೆ. ನಮ್ಮ ಚಾಳು, ವಾಡಿ, ನಾಕಾಗಳ ಮುಂದೆ ಅದೂ ಆಗಾಗ ತಬ್ಬಿಬ್ಬಾಗುತ್ತದೆ. ಅಲ್ಲಿ ನೆರವಿಗೆ ಬರುವುದು ಊರಿನ ಜ್ಞಾನ.

ಉದಾಹರಣೆಗೆ, ಹಳೆಯ ರಿಜಿಸ್ಟರಿನಲ್ಲಿ 'ಮುಂಬಯಿ-77' ಎಂದಷ್ಟೇ ಇದೆ. ಇದು ಪಿನ್‌ಕೋಡ್ ಬರುವುದಕ್ಕೂ ಮೊದಲಿನ ನಗರದ ಅಂಚೆ ವಲಯದ ಸಂಖ್ಯೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಅಂಚೆ-ತಂತಿ ಇಲಾಖೆಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ. ಒಂದೇ ಹೆಸರಿನ ಹಲವು ಊರುಗಳು, ಹತ್ತಾರು ಲಿಪಿಗಳಲ್ಲಿ ಬರೆದ ವಿಳಾಸಗಳು, ಇವುಗಳ ನಡುವೆ ಕಾಗದ ದಾರಿ ತಪ್ಪದಿರಲಿ ಎಂಬುದು ಉದ್ದೇಶ. ಮುಂಬಯಿಗೆ 400 ಸಿಕ್ಕಿತು, ಹಳೆಯ ಸಂಖ್ಯೆ ಕೊನೆಯಲ್ಲಿ ಉಳಿಯಿತು. ಹಾಗಾಗಿ 77 ಎಂದರೆ 400077, ಘಾಟ್ಕೋಪರ್ ಪೂರ್ವದ ರಾಜಾವಾಡಿ. 86 ಎಂದರೆ 400086, ಘಾಟ್ಕೋಪರ್ ಪಶ್ಚಿಮ. ಪಂತ್ ನಗರಕ್ಕೆ 400075. ಈ ಒಂದು ನಿಯಮ ಬರೆದದ್ದರಿಂದ ಹತ್ತಾರು ವಿಳಾಸಗಳ ಪೂರ್ವ-ಪಶ್ಚಿಮ ಜಗಳ ಬಗೆಹರಿಯಿತು. ರೈಲು ಹಳಿಯ ಯಾವ ಬದಿ ಎಂಬುದು ಮುಂಬಯಿಯಲ್ಲಿ ಎಷ್ಟು ದೊಡ್ಡ ವಿಷಯ ಎಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

ಹಾಗೆಯೇ ಆಗ್ರಾ ರೋಡ್. ಇವತ್ತು ಅದು ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗ, ಬಾಯಿಮಾತಿನಲ್ಲಿ ಎಲ್‌ಬಿಎಸ್. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹಳೆಯ ಹೆಸರನ್ನು ದಾಖಲಿಸಲು ಪ್ರತ್ಯೇಕ ಜಾಗ ಇದೆ. ಅಲ್ಲಿ ತುಂಬಿದರೆ ಹಳೆಯ ಹೆಸರಿನಿಂದ ಹುಡುಕಿದರೂ ಹೊಸ ರಸ್ತೆ ಸಿಗುತ್ತದೆ. ಇನ್ನು ಎಂ.ಜಿ. ರೋಡ್ ಫೋರ್ಟಿನಲ್ಲೂ ಇದೆ, ಘಾಟ್ಕೋಪರಿನಲ್ಲೂ ಇದೆ, ಕಾಂದಿವಲಿಯಲ್ಲೂ ಇದೆ. 90 ಫೀಟ್ ರೋಡ್ ನಮ್ಮಲ್ಲೂ ಇದೆ, ಧಾರಾವಿಯಲ್ಲೂ ಇದೆ. ಹುಡುಕಾಟವನ್ನು ಘಾಟ್ಕೋಪರಿನ ಸುತ್ತಲಿನ ಒಂದು ಚೌಕಕ್ಕೆ ಸೀಮಿತಗೊಳಿಸಿದರೆ ಈ ತೊಂದರೆ ತಪ್ಪುತ್ತದೆ. ಜಿಯೋಪೈಯಲ್ಲಿ ಅದಕ್ಕೂ ವ್ಯವಸ್ಥೆ ಇದೆ.

ಕಾಗುಣಿತದ ಕಥೆ ಬೇರೆಯೇ. ನಮ್ಮ ರಿಜಿಸ್ಟರಿನಲ್ಲಿ ಘಾಟ್ಕೋಪರ್, ಘಾಟಕೋಪರ್, ಘಾಟಕೋಪರ ಮೂರೂ ಇವೆ. ಕರಾವಳಿಯವರು ಒಂದು ಬಗೆ ಬರೆದರೆ, ಬಿಜಾಪುರ-ಬೆಳಗಾವಿ ಕಡೆಯವರು ಮರಾಠಿಯ ಉಚ್ಚಾರದಂತೆ ಇನ್ನೊಂದು ಬಗೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದು ಜಾಗಕ್ಕೆ ಮರಾಠಿ, ಇಂಗ್ಲಿಷ್, ಕನ್ನಡ ಹೆಸರುಗಳನ್ನು ಬೇರೆಬೇರೆಯಾಗಿ ಕೊಡಬಹುದು. ಯಾರಾದರೂ ಕೂತು ತುಂಬಿದ್ದರೆ ಮಾತ್ರ ಕನ್ನಡದಲ್ಲಿ ಹುಡುಕಿದಾಗ ಸಿಗುತ್ತದೆ. ಆ 'ಯಾರಾದರೂ' ನಾವೇ ಆಗಬೇಕು.

ಗುಡ್ಡ ಹತ್ತಿದ ಭಾನುವಾರಗಳು

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗುಂಪು ಉಳಿಯಿತು. ಅಸಲ್ಫಾ, ಭಟ್‌ವಾಡಿ ಕಡೆಯ ಗುಡ್ಡದ ಮನೆಗಳು. ಮೆಟ್ರೊದಲ್ಲಿ ಹೋಗುವಾಗ ಕಿಟಕಿಯಿಂದ ಬಣ್ಣಬಣ್ಣದ ಗೋಡೆಗಳಾಗಿ ಕಾಣುವ ಜಾಗ. ಫೋಟೋ ತೆಗೆಯುವವರಿಗೆ ಅದು ಗೊತ್ತು. ನಕ್ಷೆಗೆ ಮಾತ್ರ ಅದರ ಒಳಗಲ್ಲಿಗಳು ಗೊತ್ತಿಲ್ಲ. ಇದೇ ಘಾಟ್ಕೋಪರಿನ ಗುಡ್ಡದ ಬದಿಯಲ್ಲಿ 2000ದ ಜುಲೈಯಲ್ಲಿ ಮಣ್ಣು ಕುಸಿದು 60ಕ್ಕೂ ಹೆಚ್ಚು ಜನ ಸತ್ತಿದ್ದರು. ಅತಿ ತುರ್ತಾಗಿ ಸಿಗಬೇಕಾದ ಮನೆಗಳಿಗೇ ವಿಳಾಸ ಇಲ್ಲದಿರುವುದು ವಿಪರ್ಯಾಸ.

ಮುಕ್ತ ದತ್ತಾಂಶದಲ್ಲಿ ಇಲ್ಲದ್ದನ್ನು ಯಾವ ಲೈಬ್ರರಿಯೂ ಕೊಡಲಾರದು. ಹಾಗಾಗಿ ಸಂಘದ ಐದಾರು ಯುವಕ-ಯುವತಿಯರು ನಾಲ್ಕು ಭಾನುವಾರ ಗುಡ್ಡ ಹತ್ತಿದರು. ಸ್ಟ್ರೀಟ್‌ಕಂಪ್ಲೀಟ್, ಎವ್ರಿಡೋರ್ ಎಂಬ ಆ್ಯಪ್‌ಗಳಿಂದ ನಡೆಯುತ್ತಲೇ ನಕ್ಷೆಗೆ ಮಾಹಿತಿ ಸೇರಿಸಬಹುದು. ಮೆಟ್ಟಿಲುಗಳು, ಮಂದಿರಗಳು, ನೀರಿನ ಟಾಂಕಿಗಳು, ಕಿರಾಣಿ ಅಂಗಡಿಗಳು, ಗಲ್ಲಿಯ ಬಾಯಿ. ಇಕ್ಕಟ್ಟಾದ ಗಲ್ಲಿಯಲ್ಲಿ ಫೋನಿನ ಜಿಪಿಎಸ್ ನಂಬಬಾರದು ಎಂಬುದೂ ಗೊತ್ತಾಯಿತು. ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ಬಿಂದು ಪಕ್ಕದ ಗಲ್ಲಿಗೆ ಜಿಗಿಯುತ್ತದೆ. ಬಯಲಿಗೆ ಬಂದು ಇನ್ನೊಮ್ಮೆ ನೋಡಿ, ಉಪಗ್ರಹ ಚಿತ್ರದೊಂದಿಗೆ ತಾಳೆ ಹಾಕಬೇಕು.

ಎರಡು ಎಚ್ಚರಿಕೆ. ಒಂದು, ಬೇರೆ ಕಂಪನಿಗಳ ನಕ್ಷೆಯಿಂದ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ನಕಲು ಮಾಡಬಾರದು. ಅದು ಪರವಾನಗಿಗೆ ವಿರುದ್ಧ. ಕಣ್ಣಾರೆ ಕಂಡದ್ದನ್ನು ಮಾತ್ರ ಹಾಕಬೇಕು. ಎರಡು, ಸಾರ್ವಜನಿಕ ನಕ್ಷೆಯಲ್ಲಿ ಮಂದಿರ, ಮೆಟ್ಟಿಲು, ಕಟ್ಟಡದ ಹೆಸರು ಇರಲಿ. ಯಾರ ಮನೆ, ಅವರು ಒಂಟಿಯಾಗಿದ್ದಾರೆಯೇ ಎಂಬುದು ಖಂಡಿತ ಇರಬಾರದು. ಕಳ್ಳನಿಗೂ ನಕ್ಷೆ ಓದಲು ಬರುತ್ತದೆ. ಆ ಮಾಹಿತಿ ಸಂಘದ ಕಂಪ್ಯೂಟರಿನಲ್ಲಿ, ಬೀಗ ಹಾಕಿದ ಕಡತದಲ್ಲಿ, ಅವರವರ ಒಪ್ಪಿಗೆ ಪಡೆದೇ ಇರಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾನೂನಿನ ಆಶಯವೂ ಇದೇ. ಪೂರ್ತಿ ವಿಳಾಸವನ್ನು ಹೊರಗೆ ಕಳಿಸುವುದೇ ಬೇಡ ಎನ್ನುವವರು ನೊಮಿನಾಟಿಮ್ ಅನ್ನು ತಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ಇಡೀ ಜಗತ್ತಿನ ನಕ್ಷೆಗೆ ದೊಡ್ಡ ಸರ್ವರ್ ಬೇಕು. ಭಾರತದ ಪಶ್ಚಿಮ ವಲಯದಷ್ಟನ್ನೇ ಇಳಿಸಿಕೊಂಡರೆ ತಕ್ಕಮಟ್ಟಿನ ಕಂಪ್ಯೂಟರಿನಲ್ಲೇ ಕೆಲಸ ನಡೆಯುತ್ತದೆ. ನಾವು ಈಗ ಹಾಗೇ ಮಾಡಿದ್ದೇವೆ.

ಬಾಗಿಲ ಹಿಂದಿನ ಚೀಟಿ

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬುದನ್ನು ಹೊರತಂದಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜತೆ ಸೇರಿ ಮಾಡಿದ್ದು. ಇಡೀ ದೇಶವನ್ನು ಒಂದು ಚೌಕವೆಂದು ಭಾವಿಸಿ, ಅದನ್ನು 16 ತುಂಡು ಮಾಡಿ, ಪ್ರತಿ ತುಂಡನ್ನೂ ಮತ್ತೆ 16 ಮಾಡಿ, ಹೀಗೆ ಹತ್ತು ಸಲ ಮಾಡಿದರೆ ಉಳಿಯುವುದು ಸುಮಾರು 4 ಮೀಟರ್ ಉದ್ದಗಲದ ಒಂದು ಮನೆ, ಅದಕ್ಕೆ ಹತ್ತು ಅಕ್ಷರ-ಅಂಕಿಗಳ ಒಂದು ಗುರುತು. ಇದರ ಲೆಕ್ಕವೂ ಮುಕ್ತ. ಇಂಟರ್ನೆಟ್ ಇಲ್ಲದೆಯೂ ಮಾಡಬಹುದು. ಯಾರ ಮನೆ ಎಂಬ ಮಾಹಿತಿ ಅದರಲ್ಲಿ ಇರುವುದಿಲ್ಲ. ಒಂದು ಕೊರತೆ: ನೆಲಮಾಳಿಗೆಗೂ 14ನೇ ಮಾಳಿಗೆಗೂ ಗುರುತು ಒಂದೇ. ಜೊತೆಗೆ, ಹತ್ತು ಅಕ್ಷರ ಹೇಳಿದ ಕೂಡಲೇ ಗುಡ್ಡ ಹತ್ತುವ ದಾರಿ ಗೊತ್ತಾಗುವುದಿಲ್ಲ.

ಅದಕ್ಕೆ ನಾವು ಎರಡನ್ನೂ ಸೇರಿಸಿದೆವು. ಒಂಟಿಯಾಗಿರುವ ಹಿರಿಯರ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದೇವೆ. ಮೇಲೆ ಡಿಜಿಪಿನ್ ಮತ್ತು ಅಕ್ಷಾಂಶ-ರೇಖಾಂಶ. ಕೆಳಗೆ ಮರಾಠಿ ಮತ್ತು ಹಿಂದಿಯಲ್ಲಿ, ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಯಾವ ಮೆಟ್ಟಿಲು, ಯಾವ ಅಂಗಡಿಯ ಪಕ್ಕ ತಿರುಗಬೇಕು ಎಂಬ ಮೂರು ಸಾಲು. ಕೊನೆಗೆ ಇಬ್ಬರು ನೆರೆಯವರ ಫೋನ್ ನಂಬರ್. ತುರ್ತಿನಲ್ಲಿ ಯಾರು ಫೋನ್ ಮಾಡಿದರೂ ಅದನ್ನು ಓದಿ ಹೇಳಿದರಾಯಿತು.

ಆ ರಾತ್ರಿಯ ಹಿರಿಯರ ಮನೆಗೆ ಚೀಟಿ ಅಂಟಿಸಲು ನಾನೇ ಹೋಗಿದ್ದೆ. ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು ಚೀಟಿಯನ್ನು ನಿಧಾನಕ್ಕೆ ಓದಿದರು. "ನಾನು ಮುಂಬಯಿಗೆ ಬಂದಾಗ ನನ್ನ ವಿಳಾಸ ಹೋಟೆಲ್ ಧಣಿಗಳ ಹೆಸರಿನಲ್ಲಿತ್ತು. ಆಮೇಲೆ ಟಾಂಕಿಯ ಹೆಸರಿನಲ್ಲಿ. ಇದು ಯಾರ ಹೆಸರಿನಲ್ಲಿ?" ಎಂದು ಕೇಳಿದರು. ಯಾರದ್ದೂ ಅಲ್ಲ ಮಾಮ, ಬರೀ ಜಾಗದ್ದು ಎಂದೆ. "ಹಾಗಾದರೆ ನನ್ನದೇ ಆಯಿತಲ್ಲ" ಎಂದು ನಕ್ಕರು.

ಪಟ್ಟಿಯಲ್ಲಿ ಇನ್ನೂ ಮೂವತ್ತರಷ್ಟು ವಿಳಾಸಗಳು 'ಬಡಾವಣೆ ಮಟ್ಟ' ಎಂಬ ಕಾಲಂನಲ್ಲೇ ಇವೆ. ಕೆಲವು ಚಾಳುಗಳು ಪುನರ್ನಿರ್ಮಾಣಕ್ಕೆ ಕೆಡವಲ್ಪಟ್ಟಿವೆ, ಅಲ್ಲಿದ್ದವರು ಬಾಡಿಗೆಗೆ ಬೇರೆಡೆ ಹೋಗಿದ್ದಾರೆ. ಅವರನ್ನು ಫೋನಿನಲ್ಲೇ ಹುಡುಕುತ್ತಿದ್ದೇವೆ. ನಿಮ್ಮ ಸಂಘದಲ್ಲೂ ಇಂಥ ರಿಜಿಸ್ಟರ್ ಇದ್ದರೆ, ಒಂಟಿಯಾಗಿರುವ ಹಿರಿಯರ ಹತ್ತು ವಿಳಾಸಗಳಿಂದ ಶುರುಮಾಡಿ. ಯಂತ್ರ ಸಿಕ್ಕಿತು ಎಂದರೂ, ಒಮ್ಮೆ ಆ ಮನೆಯವರೆಗೆ ನಡೆದು ನೋಡಿ ಬನ್ನಿ.